ಕೊಯ್ದವಳು ಆರಿಸುವಂತಿಲ್ಲ

ಡಬ್ ಅನ್ನಬಾರದು, ಠಣ್ ಅನ್ನಬೇಕು, ಬೆರಳಿನ ಗೆಣ್ಣಿನಿಂದ ತಟ್ಟಿದರೆ ಖಾಲಿ ಕೋಣೆಯ ಬಾಗಿಲು ತಟ್ಟಿದ ಹಾಗೆ ಕೇಳಬೇಕು, ಇದು ಡಬ್, ಇದೂ ಡಬ್, ಇದು — ಹೂಂ, ಇದು ಪರವಾಗಿಲ್ಲ, ತೊಟ್ಟು ಒಣಗಿದೆ, ಉಗುರು ಊರಿದರೆ ಸಿಪ್ಪೆಯೊಳಗೆ ಇಳಿಯುತ್ತಿಲ್ಲ, ಕೆಳಗೆ ನೆಲಕ್ಕೆ ತಾಗಿದ್ದ ಕಡೆ ಹಳದಿ ಕಲೆ, ಕಲೆ ಇರುವುದನ್ನೇ ತಗೋ ಅನ್ನುತ್ತಿದ್ದಳು ಪಕ್ಕದ ಮನೆ ಅಕ್ಕ, ಕಲೆ ಇಲ್ಲ ಅಂದ್ರೆ ಅವಸರ ಮಾಡಿ ಕಿತ್ತಿದ್ದಾರೆ ಅಂತ ಕಣೇ, ಮಲಗಿ ಹಣ್ಣಾಗೋಕೂ ಬಿಟ್ಟಿಲ್ಲ ಪಾಪ — ಕುಂಬಳಕಾಯಿಗೂ ಪಾಪ ಅನ್ನುವ ಹೆಂಗಸು, ಈ ಮೂಟೆ ವ್ಯಾಪಾರಿಗೆ ಮಾತ್ರ ಒಂದು ದಿನ ಪಾಪ ಅಂದವಳಲ್ಲ. ಜೋಡಿಗೇ ತಾನೇ, ಅನ್ನುತ್ತಾನೆ ಅವನು, ಕಿವಿಯ ಮೇಲೆ ಪೆನ್ಸಿಲು, ಮೂಟೆಗಳ ನಡುವೆ ತಾನೂ ಒಂದು ಮೂಟೆಯಾಗಿ ಕೂತಿದ್ದಾನೆ, ಜೋಡಿಗೆ ಅಂದರೆ ಎರಡು ಮನೆಗೆ ಅಂತ, ಹೂಂ ಅಂದೆ, ಬಾಯಿ ತಾನಾಗಿಯೇ ಅಂದುಬಿಟ್ಟಿತು, ಕೈ ತಾನಾಗಿಯೇ ಚೀಲಗಳನ್ನು ಮುಂದೆ ಚಾಚಿತು, ಚೀಲಗಳು — ಅಯ್ಯೋ, ಎರಡನ್ನೂ ತಂದಿದ್ದೇನೆ, ಬಾಗಿಲ ಹಿಂದಿನ ಮೊಳೆಯಿಂದ ಎರಡನ್ನೂ ಒಟ್ಟಿಗೇ ಎತ್ತಿಕೊಂಡು ಬಂದಿದ್ದೇನೆ, ನೀಲಿಯದು ನನ್ನದು, ಶಾಲೆಯ ಯೂನಿಫಾರಂ ಹೊಲಿದು ಮಿಕ್ಕ ಬಟ್ಟೆ, ಬೂದಿ ಬಣ್ಣದ್ದು ಅವಳದು, ಭುಜಕ್ಕೆ ಹಾಕಿಕೊಳ್ಳುವವಳು ಅಂತ ಹಿಡಿ ಉದ್ದ ಇಟ್ಟು ಹೊಲಿದದ್ದು, ಎರಡನ್ನೂ ಒಗೆದು ಒಂದೇ ಮೊಳೆಗೆ ನೇತುಹಾಕುವುದು ನನ್ನ ಕೆಲಸ, ಒಂದರ ಹಿಡಿಗೆ ಇನ್ನೊಂದರ ಹಿಡಿ ಸಿಕ್ಕಿಕೊಂಡಿತ್ತು, ನಾನು ನೋಡಲೇ ಇಲ್ಲ. ಬೇಳೆ ದೊಡ್ಡ ಪೊಟ್ಟಣ, ಎಣ್ಣೆ ಡಬ್ಬ, ಸೊಟ್ಟ ಕ್ಯಾರೆಟ್ಟು ಒಂದು ರಾಶಿ, ಈರುಳ್ಳಿ, ಕಾಳು, ಅವನು ಹಾಕುತ್ತಾ ಹೋಗುತ್ತಾನೆ, ಸರಿಸಮ ಎರಡೂ ಚೀಲಕ್ಕೆ, ಬೇಡ ಒಂದು ಮನೆಗೆ ಸಾಕು ಅನ್ನಬೇಕು, ಅಂದರೂ ಪೊಟ್ಟಣ ಒಡೆಯುವುದಿಲ್ಲ ಅವನು, ಡಬ್ಬ ಬಿಚ್ಚುವುದಿಲ್ಲ, ಕಾಯಿಗೆ ಚಾಕು ಹಾಕುವುದಿಲ್ಲ, ಇದು ಮೂಟೆ ಅಂಗಡಿ, ಚಿಲ್ಲರೆ ಬೇಕಾದ್ರೆ ಮೂಲೆ ಅಂಗಡಿಗೆ ಹೋಗಿ, ಅದೇ ಮಾತು ಅವನದು ಮೊದಲ ದಿನದಿಂದ. ತಕ್ಕಡಿ ಬರಲಿಲ್ವಾ ಇವತ್ತು, ಅನ್ನುತ್ತಾನೆ. ಹುಷಾರಿಲ್ಲ, ಅಂದೆ.

ಹುಷಾರಿಲ್ಲವಂತೆ, ಅಕ್ಕ ಹೋಗಿ ತಿಂಗಳ ಮೇಲಾಯಿತು, ನಾನು ಹುಷಾರಿಲ್ಲ ಅನ್ನುತ್ತಿದ್ದೇನೆ, ಇಲ್ಲ ಅಂತ ಹೇಳುವುದಕ್ಕೆ ನಾಲಿಗೆಯೇ ಏಳಲಿಲ್ಲ, ಈ ಬೇಳೆಯ ಧೂಳು, ಈ ಗೋಣಿಯ ವಾಸನೆ, ಇಲ್ಲಿ ಅವಳಿಲ್ಲ ಅನ್ನುವುದು ಹೇಗೆ, ಈಗಲೂ ಆ ಮೂಲೆಯ ಕಾಳಿನ ಮೂಟೆಯೊಳಗೆ ಮೊಣಕೈವರೆಗೆ ಕೈ ಇಳಿಸಿ ತಳದ್ದು ತೆಗೆದು ನೋಡುತ್ತಾ ನಿಂತಿರಬೇಕು ಅವಳು, ಮೇಲೆ ಚೆಂದದ್ದು ಹಾಕಿ ಕೆಳಗೆ ಹುಳದ್ದು ಹಾಕ್ತೀಯಲ್ಲಪ್ಪ, ನಿನ್ನ ಮನೇಲಿ ಊಟ ಯಾವ ಕಡೆಯಿಂದ ಬಡಿಸ್ತಾರೆ ಅಂತ. ಕೈಯಲ್ಲಿ ಹಿಡಿದು ತೂಕ ಹೇಳುವವಳು, ಅವನು ತೂಗಿಟ್ಟದ್ದನ್ನು ಅಂಗೈ ಮೇಲಿಟ್ಟುಕೊಂಡು, ಊಹೂಂ, ಒಂದು ಹಿಡಿ ಕಮ್ಮಿ ಅನ್ನುವಳು, ಅವನು ಮುಖ ಕೆಂಪಗೆ ಮಾಡಿಕೊಂಡು ಮತ್ತೆ ತೂಗಿದರೆ ಒಂದು ಹಿಡಿ ಕಮ್ಮಿಯೇ ಇರುವುದು, ಅದಕ್ಕೇ ತಕ್ಕಡಿ ಅಂತ ಹೆಸರಿಟ್ಟವನೂ ಇವನೇ, ಬಟ್ಟೆ ಕತ್ತರಿಸುವ ನಾನು ಕತ್ತರಿ, ನಾವು ಬಂದರೆ ಒಳಗಿನ ಹಮಾಲಿಗೆ ಕೂಗಿ ಹೇಳುವನು, ಕತ್ತರಿ ತಕ್ಕಡಿ ಬಂದ್ರು, ಹುಷಾರಾಗಿರೋ. ಈಗ ಪೆನ್ಸಿಲನ್ನು ಕಿವಿಯಿಂದ ತೆಗೆದು ಮತ್ತೆ ಅಲ್ಲೇ ಇಡುತ್ತಿದ್ದಾನೆ, ಏನೋ ಯೋಚನೆ, ಆಮೇಲೆ ಬುಟ್ಟಿಗೆ ಕೈ ಹಾಕಿ ಬೆಳ್ಳುಳ್ಳಿ ಎತ್ತಿದ, ಒಂದು ಹಿಡಿಯಲ್ಲ, ಎರಡೂ ಕೈ ಸೇರಿಸಿ ಬೊಗಸೆ, ಬೂದಿ ಚೀಲಕ್ಕೆ ಸುರಿದ, ಅವರಿಗೆ ಕೊಡಿ, ಹುಷಾರಿಲ್ಲದಾಗ ಒಳ್ಳೇದು, ನಾನು ಕೊಟ್ಟೆ ಅಂತ ಹೇಳಿ. ಇಷ್ಟು ವರ್ಷ ಒಂದು ಎಸಳು ಬೆಳ್ಳುಳ್ಳಿಗೆ ಅವಳ ಜೊತೆ ಜಗಳ ಆಡಿದವನು, ಹೋಗಲಿ ಕೊಸರು ಅಂತ ಒಂದು ಗೆಡ್ಡೆ ಹಾಕಪ್ಪ ಅಂದರೆ ನನ್ನ ಅಂಗಡಿ ನಿಮ್ಮ ತವರುಮನೇನಾ ಅನ್ನುತ್ತಿದ್ದವನು, ಇವತ್ತು ಸುಮ್ಮನೆ ಕೊಟ್ಟ, ಹೇಳ್ತೀನಿ ಅಂದೆ, ಹೇಳ್ತೀನಿ ಅಂದು ಕೈಲಿದ್ದ ದುಡ್ಡನ್ನೆಲ್ಲ ಎಣಿಸಿಕೊಟ್ಟು ತಲೆ ಬಗ್ಗಿಸಿಕೊಂಡು ಹೊರಗೆ ಬಂದುಬಿಟ್ಟೆ.

ಭಾರ, ಎಷ್ಟು ಭಾರ, ಬಸ್ಸಿನ ತನಕ ಬರುವುದರೊಳಗೆ ಬೆರಳೆಲ್ಲ ಬಿಳಿಚಿಕೊಂಡವು, ಮೊದಲಾದರೆ ಕುಂಬಳವನ್ನು ಒಂದು ಚೀಲದಲ್ಲಿಟ್ಟು ಒಂದು ಹಿಡಿ ಅವಳು ಒಂದು ಹಿಡಿ ನಾನು ಹಿಡಿಯುತ್ತಿದ್ದೆವು, ಅವಳು ಎತ್ತರ, ನಾನು ಗಿಡ್ಡಿ, ಕಾಯಿ ಯಾವಾಗಲೂ ನನ್ನ ಕಡೆಗೇ ಉರುಳಿ ಬರುತ್ತಿತ್ತು, ನಿನ್ನ ಮೇಲೇ ಪ್ರೀತಿ ನೋಡು ಅದಕ್ಕೆ ಅನ್ನುತ್ತಿದ್ದಳು, ಇವತ್ತು ಕಂಕುಳಲ್ಲಿ ಮಗುವಿನ ಹಾಗೆ ಹೊತ್ತು ತಂದೆ, ಪಕ್ಕದ ಸೀಟಿನಲ್ಲಿ ಕೂರಿಸಿದೆ, ಇದಕ್ಕೂ ಟಿಕೆಟ್ ತಗೊಂಡ್ರಾ ಅನ್ನುತ್ತಾನೆ ಕಂಡಕ್ಟರು, ನಗಬೇಕು, ನಕ್ಕೆ, ಮಡಿಲಿಗೆ ತೆಗೆದುಕೊಂಡೆ, ತಣ್ಣಗಿದೆ ಹೊಟ್ಟೆಗೆ. ಅವಳು ಸಿಕ್ಕಿದ್ದೂ ಇದೇ ಅಂಗಡಿಯ ಮುಂದೆ, ಒಂದೇ ಗೋಡೆಯ ಆಚೆ ಈಚೆ ಇದ್ದೂ ಪರಿಚಯ ಇರಲಿಲ್ಲ, ನಾವು ಆ ಮನೆಗೆ ಬಂದು ಕೆಲವೇ ವಾರ, ಮಗಳು ಇಲಿಮರಿ ಆಗಿನ್ನೂ ತೊಟ್ಟಿಲಲ್ಲಿದ್ದಳು, ಅರ್ಧ ಕುಂಬಳ ಕೊಡಪ್ಪ ಅಂತ ನಾನು ಗೋಗರೆಯುತ್ತಿದ್ದೇನೆ, ಇವನು ಚಾಕು ಮುಟ್ಟುವುದಿಲ್ಲ ಅಂತ ಹಟ, ಹಿಂದಿನಿಂದ ಒಂದು ದನಿ, ಏ ಹುಡುಗಿ, ನಿಂಗೆ ಅರ್ಧ ನಂಗೆ ಅರ್ಧ, ಆಗಬಹುದಾ. ಆಗಬಹುದು ಅಂದೆ, ಅವಳ ಅಡುಗೆಮನೆಯಲ್ಲಿ ಮಣೆ, ಚಾಕು, ಚಾಕುವನ್ನು ನನ್ನ ಕೈಗೇ ಕೊಟ್ಟಳು, ನೀನು ಕೊಯ್ಯಿ, ನಾನು ಆರಿಸ್ತೀನಿ, ನನಗೆ ಸಿಟ್ಟು ಬಂದಿತ್ತು ಆಗ, ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ, ನಂಬಿಕೆ ಇದೆಯಮ್ಮ, ಅದಕ್ಕೆ ದಿನಾ ಪರೀಕ್ಷೆ ಬೇಡ ಅಂತ, ಕೊಯ್ದವಳು ಆರಿಸುವಂತಿಲ್ಲ, ಆರಿಸಿದವಳು ಆಡಿಕೊಳ್ಳುವಂತಿಲ್ಲ, ಅಷ್ಟು ಮಾಡಿದ್ರೆ ನಮ್ಮಿಬ್ಬರಿಗೆ ಜಗಳ ಬರಲ್ಲ ನೋಡು. ಬಟ್ಟೆಯ ಮೇಲೆ ಕತ್ತರಿ ಇಟ್ಟರೆ ಗೆರೆ ಎಳೆದ ಹಾಗೆ ಹೋಗುವ ನನ್ನ ಕೈ, ಕುಂಬಳದ ಮೇಲೆ ಮಾತ್ರ ಚಾಕು ಬಲಕ್ಕೆ ವಾಲುತ್ತದೆ, ಅವತ್ತೂ ವಾಲಿತು, ಇವತ್ತಿನವರೆಗೂ ನೆಟ್ಟಗಾಗಲಿಲ್ಲ, ಒಂದು ಹೋಳು ದಪ್ಪ, ಒಂದು ಸಣ್ಣ, ಅವಳ ತೋರುಬೆರಳು ದಪ್ಪದರ ಮೇಲೆ ಬಂದು ನಿಲ್ಲುತ್ತದೆ, ಇದಾ, ಆಮೇಲೆ ಸಣ್ಣದರ ಮೇಲೆ, ಇದಾ, ಮತ್ತೆ ದಪ್ಪದರ ಮೇಲೆ, ನನ್ನ ಮುಖ ನೋಡುತ್ತಾಳೆ, ನಾನು ಉಸಿರು ಬಿಗಿಹಿಡಿದಿದ್ದೇನೆ ಅಂತ ಗೊತ್ತು ಅವಳಿಗೆ, ಮಗು ಹಸಿದಿದೆ ಅಂತಲೂ ಗೊತ್ತು, ಟಕ್ ಅಂತ ಸಣ್ಣದರ ಬೆನ್ನಿಗೆ ತಟ್ಟಿದಳು, ಇದು. ಯಾವಾಗಲೂ ಸಣ್ಣದೇ, ಯಾಕಕ್ಕ ಅಂದರೆ ನಮ್ಮನೇಲಿ ಇಬ್ಬರೇ ಅಲ್ವಾ ಅನ್ನುವಳು, ಆದರೂ ಬೆರಳು ಮಾತ್ರ ಪ್ರತಿಸಲ ಎರಡರ ಮೇಲೂ ಓಡಾಡಿಯೇ ಇಳಿಯಬೇಕು, ಆಟ ಅವಳಿಗೆ.

ಇಳೀಬೇಕಾ ಅನ್ನುತ್ತಾನೆ ಕಂಡಕ್ಟರು, ಇಲ್ಲ, ಮುಂದಿನದು. ಇಷ್ಟು ದಿನ ಮೂಲೆ ಅಂಗಡಿಯಲ್ಲೇ ತಂದೆ, ಸಣ್ಣ ಸಣ್ಣ ಪೊಟ್ಟಣ, ನೋಡಲು ಅಂದ, ಬಿಚ್ಚಿದರೆ ಒಂದು ಹೊತ್ತಿಗೇ ಖಾಲಿ, ಬೆಲೆ ಮಾತ್ರ ಕೈ ಕಚ್ಚುತ್ತದೆ, ಮೂಟೆ ಅಂಗಡಿಯ ಕಡೆ ಹೋಗಲು ಕಾಲು ಬರಲಿಲ್ಲ, ತಿಂಗಳು ಮುಗಿಯುವುದರೊಳಗೆ ಡಬ್ಬಿಗಳ ತಳ ಕಾಣಿಸಿಕೊಂಡವು, ನಮ್ಮನೆಯವರು ಹೋಗುವ ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ ಪಾಳಿ ಅರ್ಧ ಆಗಿ ವರ್ಷದ ಮೇಲಾಯಿತಲ್ಲ, ಅರ್ಧ ಪಾಳಿಗೆ ಅರ್ಧ ಸಂಬಳ, ಹೊಟ್ಟೆ ಮಾತ್ರ ಪೂರ್ತಿಯದೇ, ನನ್ನ ಹೊಲಿಗೆ ಶಾಲೆ ಶುರುವಾಗುವ ಕಾಲಕ್ಕೆ ಒಂದಿಷ್ಟು, ಆಮೇಲೆ ಗುಂಡಿ, ಜಿಪ್ಪು, ಅಷ್ಟೇ. ಬಡತನ ಮನೇಲಿದ್ರೆ ಇರಲಿ, ತಟ್ಟೇಲಿ ಕಾಣಬಾರದು ಅನ್ನುತ್ತಿದ್ದಳು ಅಕ್ಕ, ತಟ್ಟೇಲಿ ಮೂರು ಬಣ್ಣ ಇರಬೇಕು ನೋಡು, ಒಂದೇ ಬಣ್ಣ ಇದ್ರೆ ಮಕ್ಕಳಿಗೆ ಗೊತ್ತಾಗಿಬಿಡತ್ತೆ, ಅವಳಿಂದಲೇ ಕಲಿತದ್ದು ಎಲ್ಲ, ಕ್ಯಾರೆಟ್ಟಿನ ಸೊಪ್ಪು ಬಿಸಾಡಬಾರದು, ಸಣ್ಣಗೆ ಹೆಚ್ಚಿ ಬೇಳೆಗೆ ಹಾಕಿದರೆ ಹಸಿರು ಬಂತು, ಕುಂಬಳದ ಬೀಜ ತೊಳೆದು ಒಣಗಿಸಿ ಹುರಿದರೆ ಸಂಜೆಗೆ ಆಯಿತು, ನುಚ್ಚಕ್ಕಿ ಅಂತ ಮೂಗು ಮುರಿಯಬಾರದು, ಬೇಗ ಬೇಯುತ್ತದೆ, ಕಾಳು ರಾತ್ರಿಯೇ ನೆನೆಸಿ, ಒಂದು ಕುದಿ ಬಂದ ಕೂಡಲೇ ಪಾತ್ರೆ ಇಳಿಸಿ ಹಳೇ ಕಂಬಳಿ ಸುತ್ತಿ ಮೂಲೆಯಲ್ಲಿಟ್ಟುಬಿಡು, ಗ್ಯಾಸೂ ಉಳಿಯಿತು, ಮಧ್ಯಾಹ್ನಕ್ಕೆ ಬೆಣ್ಣೆಯ ಹಾಗೆ ಬೆಂದಿರುತ್ತದೆ, ಮಾವ ಆ ಕಂಬಳಿ ಗಂಟನ್ನು ನೋಡಿ, ಪಾತ್ರೆಗೆ ಜ್ವರ ಬಂದಿದೆಯೇನಮ್ಮ ಅನ್ನುವರು ದಿನವೂ, ದಿನವೂ ಅದೇ ಜೋಕು, ದಿನವೂ ಅವರೇ ನಗುವರು. ಮೊನ್ನೆ ಇಲಿಮರಿ ತಟ್ಟೆ ನೋಡಿದಳು, ಬಿಳಿ ಅನ್ನ, ಬಿಳಿ ಮೂಲಂಗಿ, ಬಿಳಿ ನೀರಿನಂಥ ಮಜ್ಜಿಗೆ, ಯಾವಾಗಲೂ ಏನಾದರೂ ಕಡಿಯುತ್ತಾ ಇರುವ ಹುಡುಗಿ, ಅದಕ್ಕೇ ಇಲಿಮರಿ ಅಂತ ಕರೆಯುವುದು, ನಂಗೆ ಇಷ್ಟೇ ಸಾಕಮ್ಮ ಅಂದಳು, ಅರ್ಧ ಅನ್ನವನ್ನು ತಾತನ ತಟ್ಟೆಗೆ ಸರಿಸಿದಳು, ಎಂಟು ತುಂಬದ ಹುಡುಗಿ. ಅವತ್ತೇ ತೀರ್ಮಾನ ಮಾಡಿದ್ದು, ಮತ್ತೆ ಮೂಟೆ ಅಂಗಡಿಗೆ ಹೋಗಬೇಕು, ಪಾಲಿಗೆ ಯಾರನ್ನಾದರೂ ಹಿಡಿಯಬೇಕು, ಎದುರುಮನೆಯವಳನ್ನು ಕೇಳಿದೆ, ಅವಳು ಫೋನಿನಲ್ಲಿ ತರಿಸುತ್ತಾಳಂತೆ, ಅಂಗಡಿಯ ಧೂಳಿಗೆ ಸೀನು ಬರುತ್ತದಂತೆ, ಬರಲಿ, ನನಗೂ ಅವಳ ಬೆರಳು ನನ್ನ ಹೋಳಿನ ಮೇಲೆ ಓಡಾಡುವುದು ಬೇಡವಾಗಿತ್ತು, ಕೇಳಿದ್ದೇ ತಪ್ಪು. ಭಾವ ಇದ್ದಾರಲ್ಲ, ಅಕ್ಕನ ಗಂಡ, ಒಬ್ಬರೇ, ಏನು ತಿನ್ನುತ್ತಾರೋ, ಅವರೂ ಉಣ್ಣಲೇಬೇಕಲ್ಲ, ಅವರು ಅರ್ಧ ತೆಗೆದುಕೊಂಡರೆ ಸಾಕು, ಸಣ್ಣ ಅರ್ಧವಾದರೂ ಸರಿ, ಚೀಲ ಎರಡೂ ಮೊಳೆಯ ಮೇಲೇ ಇರುತ್ತವೆ, ತಿಂಗಳಿಗೆರಡು ಸಲ ಬಾಗಿಲು ತಟ್ಟುತ್ತೇನೆ, ತಟ್ಟೆಗೆ ಬಣ್ಣ ಬರುತ್ತದೆ, ಎಲ್ಲ ಮೊದಲಿನ ಹಾಗೇ ಇರುತ್ತದೆ. ಮೊದಲಿನ ಹಾಗೆ ಇರಬೇಕು ಅಷ್ಟೇ ನನಗೆ, ಅವಳಿಲ್ಲದೆ ಅವಳ ಹಾಗೆ.

ಇಳಿದೆ, ಕುಂಬಳ ಇಳಿಸಲು ಯಾರೋ ಕೈ ಕೊಟ್ಟರು, ಬೀದಿಯ ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಇಸ್ತ್ರಿಯವನು ತಲೆಯೆತ್ತಿ ಎರಡು ಚೀಲವನ್ನೂ ನೋಡಿ ಮತ್ತೆ ಬಗ್ಗಿದ, ಅವನಿಗೆ ಗೊತ್ತು, ಇಡೀ ಬೀದಿಗೆ ಗೊತ್ತು. ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಮೂಗಿಗೆ ನಳಿಕೆ, ತುಟಿ ಒಣಗಿ ಸಿಪ್ಪೆ ಎದ್ದಿತ್ತು, ಕೇಳಿದ್ದು ಒಂದೇ ಮಾತು, ಇವತ್ತು ಯಾವ ಬಣ್ಣ, ಹಳದಿ, ಹಸಿರು, ಕೆಂಪು ಅಂದೆ, ಸುಳ್ಳು ಹೇಳಿದೆ, ಅವತ್ತು ಒಲೆಯನ್ನೇ ಹಚ್ಚಿರಲಿಲ್ಲ ನಾನು, ಕಣ್ಣು ಮುಚ್ಚಿಕೊಂಡಳು, ನಕ್ಕಳೋ ಏನೋ. ಎಷ್ಟು ತೆಳ್ಳಗಾಗಿದ್ದಳು, ಹೊದಿಕೆಯ ಕೆಳಗೆ ಮನುಷ್ಯರಿದ್ದಾರೋ ಇಲ್ಲವೋ ಅನ್ನುವ ಹಾಗೆ, ಮೊದಲೇ ತೆಳ್ಳಗಾಗುತ್ತಾ ಬಂದಿದ್ದಳು, ಏನಕ್ಕ ಹೀಗೆ ಅಂದರೆ ಸಕ್ಕರೆ ಬಿಟ್ಟಿದ್ದೀನಿ ಕಣೇ, ನೀನೂ ಬಿಡು, ಸೊಂಟ ಸಿಗತ್ತೆ, ಅವಳ ರವಿಕೆಯನ್ನು ನಾನೇ ಬಿಚ್ಚಿ ಒಳಗೆ ಹಿಡಿದು ಹೊಲಿದೆ, ಒಂದು ಸಲ, ಮತ್ತೊಂದು ಸಲ, ಟೇಪು ಹಿಡಿದು ಅಳತೆ ತೆಗೆದ ಕೈ ಇದು, ಆದರೂ ತಲೆಗೆ ಹೋಗಲಿಲ್ಲ, ಅವಳು ಅಷ್ಟು ಚೆನ್ನಾಗಿ ಅಡುಗೆ ಮಾಡುತ್ತಿದ್ದಳಲ್ಲ, ಹಿತ್ತಿಲ ಗೋಡೆಯ ಮೇಲಿಂದ ಡಬ್ಬಿ ಬರುತ್ತಲೇ ಇತ್ತು, ಮುಚ್ಚಳ ಒಂದು ಕಡೆ ನೆಗ್ಗಿದ ಸ್ಟೀಲ್ ಡಬ್ಬಿ, ಏ ಕತ್ತರಿ, ಹಿಡ್ಕೋ, ಜಾಸ್ತಿ ಆಗೋಯ್ತು ಕಣೇ, ಬಿಸಿಲಿಗೆ ಕೆಟ್ಟೋಗತ್ತೆ, ಖಾಲಿ ಮಾಡಿ ಕೊಡು, ತೆರೆದರೆ ಕುಂಬಳ, ಬೇಳೆ, ಮೇಲೆ ಹುರಿದ ಬೆಳ್ಳುಳ್ಳಿ, ಡಬ್ಬಿ ಇನ್ನೂ ಸುಡುತ್ತಿರುವುದು. ಒಂದು ವಾರ ಜಾಸ್ತಿ ಆಯಿತು, ಮುಂದಿನ ವಾರವೂ ಜಾಸ್ತಿ ಆಯಿತು, ಮತ್ತೆ ಮತ್ತೆ ಜಾಸ್ತಿಯೇ ಆಯಿತು, ನಾನು ಗೋಡೆಯ ಈಚೆಯಿಂದ ಕೂಗಿ ಹೇಳಿದ್ದು ನೆನಪಿದೆ, ಏನಕ್ಕ, ತಕ್ಕಡಿಗೆ ವಯಸ್ಸಾಯ್ತಾ, ಮುಳ್ಳು ಬಾಗೋಯ್ತಾ, ಹೂಂ ಕಣೇ ಬಾಗೋಯ್ತು, ಅಂದಳು, ಆಚೆಯಿಂದ ನಗು, ಮುಖ ಕಾಣುವುದಿಲ್ಲ, ಗೋಡೆ ಅಷ್ಟೆತ್ತರ, ಡಬ್ಬಿ ಹಿಡಿದ ಕೈ ಮಾತ್ರ ಕಾಣುತ್ತದೆ, ಮಣಿಕಟ್ಟಿನ ಮೂಳೆ ಎದ್ದು ಕಾಣುತ್ತದೆ.

ಬಾಗಿಲು ತಟ್ಟುತ್ತಿದ್ದೇನೆ, ಗೆಣ್ಣಿನಿಂದ, ಕುಂಬಳ ತಟ್ಟಿದ ಹಾಗೇ, ಒಳಗೆ ಠಣ್ ಅನ್ನುತ್ತದೆ ಮನೆ. ಭಾವ ಬಂದರು, ಕರೆಂಟ್ ಮೀಟರ್ ರೀಡಿಂಗ್ ತೆಗೆಯುವ ಕೆಲಸ, ಬೀದಿ ಬೀದಿ ಸುತ್ತಿ ಸುತ್ತಿ ಕಪ್ಪಗಾದ ಮನುಷ್ಯ, ಮಾತು ಕಡಿಮೆ, ಇವತ್ತು ರಜ, ಗಡ್ಡ ಬೆಳೆದಿದೆ, ಏನಮ್ಮ ಇಷ್ಟು ಹೊತ್ಕೊಂಡು ಬಂದಿದ್ದೀಯ ಅಂತ ಬೂದಿ ಚೀಲವನ್ನು ಕೈಯಿಂದ ಇಸಿದುಕೊಂಡರು, ಇಸಿದುಕೊಂಡ ಮೇಲೆ ಅದು ಯಾವ ಚೀಲ ಅಂತ ಕಂಡಿತು ಅವರಿಗೆ, ಹಿಡಿಯನ್ನು ನೋಡುತ್ತಾ ಹಾಗೇ ನಿಂತರು. ನಾನು ಹೇಳಿಬಿಟ್ಟೆ, ಬಸ್ಸಿನಲ್ಲಿ ಕೂತು ಹೊಸೆದದ್ದನ್ನೆಲ್ಲ ಒಂದೇ ಉಸಿರಿಗೆ, ಪಾಲು ಹಾಗೇ ನಡೀಲಿ ಭಾವ, ನೀವೂ ಉಣ್ಣಬೇಕಲ್ಲ, ಕೊಯ್ದು ತರ್ತೀನಿ, ಆರಿಸೋದು ನೀವೇ, ಬೇಯಿಸಿಕೊಡು ಅಂದರೆ ಬೇಯಿಸಿಯೂ ಕೊಡ್ತೀನಿ. ಅವರು ತಲೆಯಾಡಿಸಿದರು, ನಂಗ್ಯಾಕಮ್ಮ ಕುಂಬಳ, ನಾನು ಕುಂಬಳ ತಿನ್ನಲ್ಲವಲ್ಲ, ಚಿಕ್ಕಂದಿನಿಂದ ಮೈಗೆ ಆಗಲ್ಲ, ತುರಿಕೆ ಏಳತ್ತೆ. ಹಾಗಾದರೆ ಇಷ್ಟು ವರ್ಷ, ಅಂದೆ. ಅದೆಲ್ಲ ಅವಳಿಗೆ, ಅಂದರು, ಅವಳಿಗೆ ಇಷ್ಟ ಅದು, ಒಬ್ಳೇ ತಿಂತಿದ್ಲು ಮೊದಲು. ಮೊದಲು ಅಂದರೆ, ಅಂದೆ. ಭಾವ ಚೀಲವನ್ನು ಬಾಗಿಲ ಪಕ್ಕ ಇಟ್ಟು ಕೂತರು, ಮೆಟ್ಟಿಲ ಮೇಲೆ, ಬೆಳ್ಳುಳ್ಳಿ ಕಂಡಿತು, ಒಂದು ಗೆಡ್ಡೆ ತೆಗೆದುಕೊಂಡು ಅಂಗೈಯಲ್ಲಿ ಇಟ್ಟುಕೊಂಡರು. ಹೋದ ವರ್ಷದ ಬೇಸಿಗೆಯಿಂದ ಅವಳಿಗೆ ಏನೂ ಇಳೀತಿರಲಿಲ್ಲ, ಹೊಟ್ಟೇಲಿ ಗಂಟು, ಡಾಕ್ಟ್ರು ಗಂಜಿನೀರು ಮಾತ್ರ ಅಂದಿದ್ರು, ನಿಂಗೆ ಹೇಳಬೇಡಿ ಅಂತ ನನ್ನ ಬಾಯಿಗೆ ಬೀಗ ಹಾಕಿದ್ಲು. ಅಂದ್ರೆ, ಅಂದೆ. ಅಂದ್ರೆ ಏನಮ್ಮ, ಅವಳು ಪಾಲು ಬಿಟ್ರೆ ಆ ಅಂಗಡಿಯವನು ನಿಂಗೆ ಕೊಡಲ್ಲ, ನೀನು ಪೂರ್ತಿ ಕೊಳ್ಳಕ್ಕಾಗಲ್ಲ, ಹಾಗಂತ ಸುಮ್ನೆ ಕೊಟ್ರೆ ನೀನು ಮುಟ್ಟಲ್ಲ, ಅದಕ್ಕೇ ಅವಳ ಅರ್ಧ ಬೇಯಿಸಿ ಜಾಸ್ತಿ ಆಯ್ತು ಅಂತ ಕೊಡ್ತಿದ್ಲು, ಆಸ್ಪತ್ರೆ ಸೇರಿದ ಮೇಲಾದ್ರೂ ನಿಂಗೆ ಗೊತ್ತಾಗಿರತ್ತೆ ಅಂದ್ಕೊಂಡಿದ್ದೆ ನಾನು.

ಗೊತ್ತಿರಲಿಲ್ಲ ಭಾವ, ನನಗೆ ಗೊತ್ತಿರಲಿಲ್ಲ, ಬಾಯಿ ಬಿಟ್ಟು ಅಂದೆನೋ ಇಲ್ಲವೋ, ಇವರ ಪಾಳಿ ಕಡಿಮೆಯಾದದ್ದು ನಾನು ಯಾರಿಗೂ ಹೇಳಿರಲಿಲ್ಲ, ಅವಳಿಗೂ ಹೇಳಿರಲಿಲ್ಲ, ಸೊಕ್ಕು ನನಗೆ, ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ ಅಂತ. ಅವಳಿಗೆ ಹೇಗೆ ಗೊತ್ತಾಯ್ತು ಅಂತ ಕೇಳಿದ್ದಕ್ಕೆ ಭಾವ ಗೋಡೆಯ ಕಡೆ ನೋಡಿದರು, ನಿಮ್ಮ ಮಾವನ ಚಮಚ, ಅಂದರು. ಮಾವ ಚಮಚದಲ್ಲಿ ತಟ್ಟೆ ಕೆರೆಯುತ್ತಾರೆ, ಕೊನೆಯ ಅಗುಳಿನವರೆಗೂ ಕೆರೆಯುತ್ತಾರೆ, ಆ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತದೆ, ಸಾಕು ಬಿಡಿ ಮಾವ, ತಟ್ಟೆ ತೂತಾಗುತ್ತೆ ಅನ್ನುತ್ತೇನೆ ನಾನು. ಒಂದಿನ ಊಟದ ಹೊತ್ತಲ್ಲಿ ಕೈ ಎತ್ತಿ ನನ್ನನ್ನ ಸುಮ್ಮನಿರಿಸಿದ್ಲು ಅಂದರು ಭಾವ, ಕೇಳಿ, ಕೆರೆಯೋ ಸದ್ದು ಬೇಗ ಶುರುವಾಗ್ತಿದೆ, ಆ ಮನೇಲಿ ತಟ್ಟೆಗೆ ಕಮ್ಮಿ ಬೀಳ್ತಿದೆ, ಅಂದ್ಲು. ಆಮೇಲಿಂದ ದಿನಾ ಮಧ್ಯಾಹ್ನ ಗೋಡೆ ಹತ್ರ ಕುರ್ಚಿ ಹಾಕ್ಕೊಂಡು ಕೂರೋಳು, ಗಂಜಿ ಲೋಟ ಹಿಡ್ಕೊಂಡು, ಸದ್ದು ತಡವಾಗಿ ಶುರುವಾದ್ರೆ ಅವತ್ತು ಲೋಟ ಖಾಲಿ ಮಾಡ್ತಿದ್ಲು. ಕಿವಿಯಲ್ಲೇ ತೂಗಿದ್ದಳು ನಮ್ಮನ್ನು, ಗೋಡೆಯ ಆಚೆ ಕೂತು, ಹೊಟ್ಟೆಗೆ ಹನಿ ನೀರು ಇಳಿಯದವಳು ನಮ್ಮ ಹೊಟ್ಟೆಯನ್ನು ತೂಗಿದ್ದಳು, ಮುಳ್ಳು ಬಾಗಿರಲಿಲ್ಲ, ಒಂದು ಕೂದಲೆಳೆಯಷ್ಟೂ ಬಾಗಿರಲಿಲ್ಲ, ನಾನು ಈಚೆ ನಿಂತು ನಗೆಯಾಡಿದೆ, ವಯಸ್ಸಾಯ್ತಾ ಅಂದೆ, ಅವಳು ಹೂಂ ಅಂದಳು. ಇಬ್ಬರ ಪಾಲೂ ನಾವೇ ಉಂಡೆವು, ದಪ್ಪ ಹೋಳೂ ನಮ್ಮದು, ಸಣ್ಣ ಹೋಳೂ ನಮ್ಮದು, ಬೇಯಿಸಿದ ಕೂಲಿ ಅವಳದು. ಭಾವ ಏನೋ ಹೇಳುತ್ತಿದ್ದಾರೆ, ಈ ಸಾಮಾನು ನೀನೇ ಇಟ್ಕೋ ಅಂತ, ನನಗೆ ಕ್ಯಾಂಟೀನಿದೆ ಅಂತ, ಅಂಗೈಯ ಬೆಳ್ಳುಳ್ಳಿಯನ್ನು ಮಾತ್ರ ವಾಪಸು ಹಾಕಲಿಲ್ಲ, ಯಾರು ಕೊಟ್ಟಿದ್ದು ಅಂದರು, ಮೂಟೆ ವ್ಯಾಪಾರಿ, ಅವಳಿಗೆ ಹುಷಾರಾಗಲಿ ಅಂತ, ಅಂದೆ. ಅವರು ಬೆಳ್ಳುಳ್ಳಿಯನ್ನು ಅಂಗೈಯಲ್ಲಿ ಮೇಲೆ ಕೆಳಗೆ ಆಡಿಸಿದರು, ತೂಕ ನೋಡುವವರ ಹಾಗೆ, ಮುಷ್ಟಿ ಮುಚ್ಚಿಕೊಂಡರು.

ನಮ್ಮ ಅಡುಗೆಮನೆ, ಮಣೆ, ಚಾಕು, ಚೀಲಗಳು ನೆಲದ ಮೇಲೆ ಒಂದಕ್ಕೊಂದು ಒರಗಿಕೊಂಡು ಕೂತಿವೆ, ಇವರು ಸಂಜೆಗೆ ಬರುತ್ತಾರೆ, ಇಲಿಮರಿ ಶಾಲೆಯಿಂದ ಬರುವ ಹೊತ್ತಾಯಿತು, ಅಡುಗೆ ಆಗಬೇಕು, ಇವತ್ತಾದರೂ ಬಣ್ಣ ಕಾಣಬೇಕು ಮಗು, ಕ್ಯಾರೆಟ್ಟಿದೆ, ಅದರ ಸೊಪ್ಪಿದೆ, ಕುಂಬಳ ಇದೆ, ಎಲ್ಲ ಇದೆ. ಚಾಕು ಊರಿದೆ, ಗಟ್ಟಿ ಸಿಪ್ಪೆ, ಅಂಗೈಯಿಂದ ಗುದ್ದಿದೆ, ಇಳಿಯಿತು, ಈ ಸಲ ನೆಟ್ಟಗೆ ಹೋಗಲಿ, ಒಂದು ಸಲ ನೆಟ್ಟಗೆ ಹೋಗಲಿ ಅಂತ ಎಡಕ್ಕೆ ಹಿಡಿದೇ ಒತ್ತಿದೆ, ಆದರೂ ವಾಲಿತು ಬಲಕ್ಕೆ, ಕಟ್ ಅಂತ ಬಿರಿದು ಎರಡಾಯಿತು, ಮಣೆಯ ಮೇಲೆ ತೂಗಾಡಿ ತೂಗಾಡಿ ನಿಂತವು, ಒಂದು ದಪ್ಪ, ಒಂದು ಸಣ್ಣ, ಕೊಯ್ದ ಮುಖ ಮೇಲೆ, ಕೇಸರಿ, ಒದ್ದೆ, ನೂಲು ನೂಲಾಗಿ ಬೀಜ ಜೋತುಬಿದ್ದಿದೆ. ಎಂಥ ಬಣ್ಣ ಅಕ್ಕ ನೋಡು, ಚೆನ್ನಾಗಿ ಮಲಗಿ ಹಣ್ಣಾದದ್ದು. ಒಂದು ಹೋಳನ್ನು ತೆಗೆದುಕೊಂಡು ಹೆಚ್ಚಬೇಕು, ಒಂದನ್ನು ಮುಚ್ಚಿಡಬೇಕು, ಅಷ್ಟೇ ಕೆಲಸ, ಯಾವುದನ್ನು, ಕೈ ಮುಂದೆ ಹೋಗುತ್ತದೆ, ನಿಲ್ಲುತ್ತದೆ, ನಾನಲ್ಲವಲ್ಲ ಆರಿಸುವವಳು, ಕೊಯ್ದದ್ದು ನಾನು. ಮಾವ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದಿದ್ದಾರೆ, ಏನಮ್ಮ ಇವತ್ತು, ಓ, ಕುಂಬಳವಾ, ಮುಖ ಅರಳಿತು ಪಾಪ, ಹಲ್ಲಿಲ್ಲದ ಬಾಯಿಗೆ ಅದೇ ಹಬ್ಬದೂಟ, ಮಾವ, ಇದರಲ್ಲಿ ಒಂದು ನೀವೇ ಆರಿಸಿ ಅಂದೆ, ಅವರು ಎರಡನ್ನೂ ನೋಡಿದರು, ನನ್ನನ್ನೂ ನೋಡಿದರು, ಆರಿಸೋದೇನಮ್ಮ, ಅಂದರು, ಎರಡೂ ನಮ್ಮದೇ ಅಲ್ವಾ.

ಎರಡೂ ನಮ್ಮದೇ, ಹೌದು ಮಾವ, ಎರಡೂ ನಮ್ಮದೇ, ವರ್ಷದಿಂದ ನಮ್ಮದೇ, ಗೋಡೆಯ ಆಚೆ ಕುರ್ಚಿ ಎಳೆದ ಸದ್ದು — ಇಲ್ಲ, ಬೀದಿಯಲ್ಲಿ ಯಾರದೋ ಗಾಡಿ, ಚಾಕುವಿನ ತುದಿಯಿಂದ ರಸ ಇಳಿಯುತ್ತಿದೆ, ಒಲೆ ಹಚ್ಚಬೇಕು, ಹೊತ್ತಾಯಿತು, ತೆಗೆದುಕೋ ಅಕ್ಕ, ಬೇಗ, ಯಾವುದಾದರೂ ಒಂದು ತೆಗೆದುಕೋ, ದಪ್ಪದ್ದು ತೆಗೆದುಕೋ ಇವತ್ತು, ಬೆರಳು ದಪ್ಪದರ ಮೇಲೆ ಬರುತ್ತದೆ, ಇದಾ, ಸಣ್ಣದರ ಮೇಲೆ ಬರುತ್ತದೆ, ಇದಾ, ಮತ್ತೆ ದಪ್ಪದರ ಮೇಲೆ, ಮೂಳೆ ಎದ್ದ ಆ ಬೆರಳು, ಇಳಿಯುವುದಿಲ್ಲ, ಮತ್ತೆ ಸಣ್ಣದರ ಮೇಲೆ, ಇದಾ, ಇಳಿಯುವುದಿಲ್ಲ, ಎರಡು ಹೋಳಿನ ನಡುವೆ ಬೆರಳು, ಅಲ್ಲೇ, ಬೆರಳು —